ದೊಡ್ಡ ಬ್ಯಾಟರಿ ಹಾಕಿಸಿದ್ರೆ ಸಾಕಾ? ಕಾರಿನ ಕರೆಂಟಿನ ಕಥೆ, 9 ಭಾಗಗಳಲ್ಲಿ

ಭಾಗ 1/9: ಪ್ರಶ್ನೆ ಹಳೇದು

ಫ್ರೆಂಡ್ಸ್, ಈ ಸಲದ ಸರಣಿ ಬಾನೆಟ್ ಕೆಳಗೆ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರೋ ಕಪ್ಪು ಡಬ್ಬದ ಬಗ್ಗೆ.

ನಿಮ್ಮಲ್ಲಿ ಹಲವರ ಮನೆಗೆ ಈಗ ತಾನೇ ಮೊದಲ ಕಾರು ಬಂದಿರಬಹುದು. ಸೆಕೆಂಡ್ ಹ್ಯಾಂಡ್ ಇರಬಹುದು, ಸಾಲದ ಮೇಲೆ ತಂದದ್ದಿರಬಹುದು. ಬಂದ ವಾರವೇ ಪಟ್ಟಿ ಶುರು: ದೊಡ್ಡ ಸ್ಕ್ರೀನು, ಊಫರ್, ಆಂಪ್ಲಿಫೈಯರ್, ಫಾಗ್ ಲೈಟು, ಡ್ಯಾಶ್‌ಕ್ಯಾಮು, ಜೋರು ಹಾರ್ನು. ಬೆಂಗಳೂರಿನ ಜೆ.ಸಿ. ರಸ್ತೆ ಇರಲಿ, ನಿಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಆಕ್ಸೆಸರೀಸ್ ಅಂಗಡಿ ಇರಲಿ, ಇದೆಲ್ಲಾ ಒಂದು ಮಧ್ಯಾಹ್ನದಲ್ಲಿ ಫಿಟ್ ಆಗುತ್ತೆ. ಕೊನೆಗೆ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಇಷ್ಟೆಲ್ಲಾ ಹಾಕಿಸಿದ್ದೀರಲ್ಲ, ಬ್ಯಾಟರೀನೂ ಒಂದು ಸೈಜ್ ದೊಡ್ಡದು ಹಾಕಿಸಿಬಿಡಿ, ತಲೆನೋವೇ ಇರಲ್ಲ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಗೊತ್ತಿಲ್ಲದೆ ಹೋದರೆ ರಾತ್ರಿ ಹನ್ನೊಂದಕ್ಕೆ ಘಾಟಿ ರಸ್ತೆಯಲ್ಲಿ, ಮನೆಮಂದಿಯನ್ನೆಲ್ಲಾ ಕಾರಲ್ಲಿ ಕೂರಿಸಿಕೊಂಡು, ಕೀ ತಿರುಗಿಸಿದಾಗ "ಟಕ್ ಟಕ್" ಅನ್ನೋ ಸದ್ದು ಮಾತ್ರ ಕೇಳಿಸುತ್ತೆ. ಟ್ಯಾಕ್ಸಿ ಓಡಿಸೋರಿಗೆ ಅದು ಆ ದಿನದ ದುಡಿಮೆ. ಆಸ್ಪತ್ರೆಗೆ ಹೊರಟವರಿಗೆ ಇನ್ನೂ ದೊಡ್ಡದು.

ಇದು ಇವತ್ತಿನ ಪ್ರಶ್ನೆ ಅಂದ್ಕೋಬೇಡಿ. ಕಾರಿಗೆ ಹೊಸದಾಗಿ ಏನಾದರೂ ಕರೆಂಟ್ ತಿನ್ನೋ ವಸ್ತು ಬಂದಾಗಲೆಲ್ಲಾ, ನೂರಕ್ಕೂ ಹೆಚ್ಚು ವರ್ಷಗಳಿಂದ, ಎಂಜಿನಿಯರುಗಳು ಇದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಅವರು ಕಂಡುಕೊಂಡ ಉತ್ತರಗಳೇ ಈ ಸರಣಿ.

ಒಂದು ಚಿತ್ರ ಮನಸ್ಸಲ್ಲಿಟ್ಕೊಳ್ಳಿ. ಬ್ಯಾಟರಿ ಅಂದರೆ ಮನೆಯ ಮೇಲಿನ ನೀರಿನ ಟ್ಯಾಂಕು. ಆಲ್ಟರ್ನೇಟರ್ ಅಂದರೆ ಬೋರ್‌ವೆಲ್ ಮೋಟಾರು. ಮನೆಗೆ ನಾಲ್ಕು ನಲ್ಲಿ ಜಾಸ್ತಿ ಹಾಕಿಸಿ, ಮೋಟಾರು ಹಳೇದೇ ಇಟ್ಟು, ಟ್ಯಾಂಕ್ ಮಾತ್ರ ದೊಡ್ಡದು ಮಾಡಿದ್ರೆ ಏನಾಗುತ್ತೆ? ನೀರು ಖಾಲಿ ಆಗೋದು ತಪ್ಪಲ್ಲ. ಸ್ವಲ್ಪ ತಡ ಆಗುತ್ತೆ, ಅಷ್ಟೇ.

ಭಾಗ 2/9: ಬ್ಯಾಟರಿ ಇಲ್ಲದ ಕಾರು

ಮೊದಲ ಕಾರುಗಳಿಗೆ ಇವತ್ತಿನ ಅರ್ಥದ ಬ್ಯಾಟರಿ ಬೇಕಾಗಿಯೇ ಇರಲಿಲ್ಲ. ಹಲವು ಕಾರುಗಳಲ್ಲಿ ಕಿಡಿ ಹುಟ್ಟಿಸಲು ಮ್ಯಾಗ್ನೆಟೊ ಇತ್ತು. ಎಂಜಿನ್ ತಿರುಗಿದರೆ ಅಯಸ್ಕಾಂತದ ಬಲದಿಂದ ಅದೇ ಕರೆಂಟು ಹುಟ್ಟಿಸಿಕೊಳ್ಳುತ್ತಿತ್ತು. ಎಂಜಿನ್ ಮೊದಲು ತಿರುಗಿಸೋಕೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಎಂಜಿನ್ ಉಲ್ಟಾ ಒದ್ದರೆ ಕೈಯೇ ಮುರಿಯುತ್ತಿತ್ತು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ, ಸುತ್ತಿ ಹಿಡಿಯಬೇಡಿ ಅಂತ ಕಲಿಸುತ್ತಿದ್ದರು.

ದೀಪ? ಮಾವಿನಹಣ್ಣನ್ನು ಕದ್ದುಮುಚ್ಚಿ ಮಾಗಿಸಲು ಬಳಸುತ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್. ಅದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲಿನ್ ಅನಿಲ ಬರುತ್ತೆ. ಅದನ್ನು ಬೆಂಕಿಕಡ್ಡಿ ಗೀರಿ ಹೊತ್ತಿಸಬೇಕು. ಆ ಕಾಲದ ಹೆಡ್‌ಲೈಟು ಅದು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ 1915ರ ಹೊತ್ತಿಗೆ ವಿದ್ಯುತ್ ಹೆಡ್‌ಲೈಟ್ ಬಂತು. ಆದರೆ ಅದಕ್ಕೆ ಕರೆಂಟು ನೇರ ಮ್ಯಾಗ್ನೆಟೊದಿಂದ. ಪರಿಣಾಮ ಏನಾಯ್ತು ಗೊತ್ತಾ? ಎಂಜಿನ್ ಜೋರಾಗಿ ಓಡಿದರೆ ದೀಪ ಪ್ರಖರ, ನಿಧಾನ ಮಾಡಿದರೆ ಮಂಕು. ಕತ್ತಲ ತಿರುವಿನಲ್ಲಿ ವೇಗ ಇಳಿಸಿದಾಗಲೇ ಬೆಳಕು ಬೇಕು, ಅದೇ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಮೋಟಾರಿನಿಂದ ನೇರ ನಲ್ಲಿಗೆ ಪೈಪ್ ಹಾಕಿದ ಹಾಗೆ. ನಡುವೆ ಟ್ಯಾಂಕ್ ಬೇಕು ಅನ್ನೋದು ಇಲ್ಲಿಂದ ಅರ್ಥವಾಗುತ್ತೆ.

ಟ್ಯಾಂಕ್ ಅಷ್ಟು ಹೊತ್ತಿಗೆ ತಯಾರಾಗಿಯೇ ಇತ್ತು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳ ನಡುವೆ ಬಟ್ಟೆ ಇಟ್ಟು ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕಮಿಲ್ ಫೋರ್ ಎಂಬಾತ ಹಾಳೆಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಸಾಮರ್ಥ್ಯ ಹೆಚ್ಚಿಸಿದ. ಒಂದೊಂದು ಕೋಶ ಸುಮಾರು 2 ವೋಲ್ಟ್. ಇವತ್ತು ನಿಮ್ಮ ಕಾರಲ್ಲಿರೋ ಬ್ಯಾಟರಿಯಲ್ಲಿ ಅಂಥ 6 ಕೋಶಗಳಿವೆ. ಒಳಗಿನ ರಸಾಯನ ವಿಜ್ಞಾನ ಹೆಚ್ಚೂಕಡಿಮೆ ಪ್ಲಾಂಟೆಯದೇ.

ಭಾಗ 3/9: "ಸೆಲ್ಫ್" ಅನ್ನೋ ಪದ ಎಲ್ಲಿಂದ ಬಂತು

ನಮ್ಮ ಮೆಕ್ಯಾನಿಕ್‌ಗಳು "ಸೆಲ್ಫ್ ತಗೊಳ್ತಿಲ್ಲ", "ಸೆಲ್ಫ್ ಮೋಟಾರ್ ಬಿಚ್ಚಬೇಕು" ಅಂತಾರಲ್ಲ, ಆ ಪದ ಒಂದು ಇತಿಹಾಸದ ತುಣುಕು. ಹ್ಯಾಂಡಲ್ ಹೊಡೆಯದೆ ತಾನಾಗಿಯೇ ಸ್ಟಾರ್ಟ್ ಆಗುವ ಕಾರಿಗೆ ಆಗ "ಸೆಲ್ಫ್ ಸ್ಟಾರ್ಟರ್" ಇದೆ ಅನ್ನುತ್ತಿದ್ದರು. ಸ್ಟಾರ್ಟರ್ ಉದುರಿ ಹೋಯ್ತು, ಸೆಲ್ಫ್ ನಮ್ಮ ಬಾಯಲ್ಲಿ ಉಳೀತು.

ಅದನ್ನು ಕಾರಿಗೆ ಒಗ್ಗಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಡೆಲ್ಕೊ ಕಂಪನಿ. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಬಂತು. ಅದಕ್ಕೂ ಮುಂಚೆ ಕೆಟರಿಂಗ್ ಕೆಲಸ ಮಾಡಿದ್ದು ಅಂಗಡಿಯ ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿ. ಅಲ್ಲಿ ಅವನು ಕ್ಯಾಶ್ ರಿಜಿಸ್ಟರಿಗೆ ಒಂದು ವಿದ್ಯುತ್ ಮೋಟಾರು ಅಳವಡಿಸಿದ್ದ. ಆ ಮೋಟಾರು ದಿನವಿಡೀ ಓಡಬೇಕಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ಸುಮ್ಮನಾದರೆ ಸಾಕು. ಹಾಗಾಗಿ ಚಿಕ್ಕದಿದ್ದರೂ ನಡೆಯುತ್ತಿತ್ತು.

ಕಾರಿನ ಸೆಲ್ಫ್ ಕೂಡ ಅದೇ ಲೆಕ್ಕ. ಮೋಟಾರಿಗೂ ಬ್ಯಾಟರಿಗೂ ಕೆಲಸ ಎರಡು ಸೆಕೆಂಡಿನದು. ಎಂಜಿನ್ ಹತ್ತಿಕೊಂಡ ಮೇಲೆ ಆ ಕ್ಯಾಡಿಲ್ಯಾಕ್‌ನಲ್ಲಿ ಅದೇ ಯಂತ್ರ ಡೈನಮೋ ಆಗಿ ತಿರುಗಿ, ಕೊಟ್ಟ ಕರೆಂಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತಿತ್ತು. ಸ್ಟಾರ್ಟ್ ಮಾಡೋದು, ದೀಪ ಉರಿಸೋದು, ಕಿಡಿ ಕೊಡೋದು: ಈ ಮೂರು ಕೆಲಸಕ್ಕೆ ಅಂತಲೇ ಕಾರಿನ ಬ್ಯಾಟರಿಯನ್ನು ಇವತ್ತಿಗೂ ಎಸ್‌.ಎಲ್‌.ಐ. ಬ್ಯಾಟರಿ ಅನ್ನುತ್ತಾರೆ.

ಇಲ್ಲಿ ಒಂದು ಲೆಕ್ಕ ಮಾಡೋಣ. ಸಣ್ಣ ಕಾರಿನ ಸೆಲ್ಫ್ 150 ಆಂಪಿಯರ್‌ನಂತೆ 2 ಸೆಕೆಂಡ್ ಎಳೆಯಿತು ಅಂದ್ಕೊಳ್ಳಿ. ಅದು 0.1 ಆಂಪಿಯರ್-ಅವರ್‌ಗಿಂತಲೂ ಕಡಿಮೆ. 35 ಆಂಪಿಯರ್-ಅವರ್ ಬ್ಯಾಟರಿಗೆ ಅದು ಕೊಡದಿಂದ ಒಂದು ಚೊಂಬು ನೀರು ತೆಗೆದ ಹಾಗೆ. ಆದರೆ ಆ ಒಂದು ಚೊಂಬನ್ನು ಒಂದೇ ಏಟಿಗೆ ರಭಸದಿಂದ ಸುರಿಯಬೇಕು. ಬ್ಯಾಟರಿ ಸೊರಗಿದ್ದರೆ ಆ ರಭಸ ಬರಲ್ಲ.

ಅಂದರೆ ಕಾರಿನ ಬ್ಯಾಟರಿ ಓಟಗಾರ, ಹೊರೆಯಾಳಲ್ಲ. ನೂರು ಮೀಟರ್ ಓಡಿಸಿ, ಓಡುತ್ತೆ. ಗಂಟೆಗಟ್ಟಲೆ ಮೂಟೆ ಹೊರಿಸಿದರೆ ಬೀಳುತ್ತೆ. ಈ ಸರಣಿಯಲ್ಲಿ ಇದೊಂದನ್ನು ಮಾತ್ರ ನೆನಪಿಟ್ಟುಕೊಂಡರೂ ಸಾಕು.

ಭಾಗ 4/9: ಮೊದಲ "ಆಕ್ಸೆಸರಿ" ತಂದ ಫಜೀತಿ

ದೀಪ, ಸೆಲ್ಫ್, ಕಿಡಿ ಇವೆಲ್ಲಾ ಕಾರಿನ ಅಗತ್ಯ. ಬರೀ ಖುಷಿಗಾಗಿ ಕರೆಂಟ್ ತಿನ್ನಲು ಬಂದ ಮೊದಮೊದಲ ದೊಡ್ಡ ಅತಿಥಿ ಅಂದರೆ ರೇಡಿಯೊ.

1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಮತ್ತು ಅವನ ತಮ್ಮ ಜೋಸೆಫ್ ನಡೆಸುತ್ತಿದ್ದ ಕಂಪನಿ ಕಾರಿಗೆ ಕೂರಿಸಬಹುದಾದ ರೇಡಿಯೊ ಮಾರಾಟಕ್ಕೆ ತಂದಿತು. ಅದಕ್ಕಿಟ್ಟ ಹೆಸರು ಮೋಟೊರೋಲ. ಹೌದು, ಮುಂದೆ ಮೊಬೈಲ್ ಫೋನ್ ಮಾಡಿದ ಅದೇ ಮೋಟೊರೋಲ. "ಮೋಟಾರ್" ಅನ್ನೋ ಪದ ಆ ಹೆಸರಿಗೆ ಬಂದದ್ದೇ ಕಾರಿನಿಂದ.

ಆಗ ಟ್ರಾನ್ಸಿಸ್ಟರ್ ಇರಲಿಲ್ಲ. ವಾಲ್ವ್ ರೇಡಿಯೊ. ವಾಲ್ವ್‌ಗಳನ್ನು ಕಾಯಿಸಲು ಒಂದು ಕರೆಂಟು, ಅವು ಕೆಲಸ ಮಾಡಲು ಬೇರೆಯದೇ ಆದ ಹೆಚ್ಚಿನ ವೋಲ್ಟೇಜು. ಕಾರಿನ 6 ವೋಲ್ಟ್ ಬ್ಯಾಟರಿ ಅದನ್ನು ಎಲ್ಲಿಂದ ಕೊಟ್ಟೀತು? ಅದಕ್ಕೇ ಶುರುವಿನ ಕಾರ್ ರೇಡಿಯೊಗಳಿಗೆ ಪ್ರತ್ಯೇಕ ಡ್ರೈ ಬ್ಯಾಟರಿಗಳ ಪೆಟ್ಟಿಗೆಯನ್ನು ಕಾರಿನ ನೆಲದ ಕೆಳಗೆ ಕೂರಿಸುತ್ತಿದ್ದರು. ಏರಿಯಲ್ ತಂತಿಯನ್ನು ಚಾವಣಿಯ ಬಟ್ಟೆಯೊಳಗೆ ಹೊಲಿಯುತ್ತಿದ್ದರು. ಅದೆಲ್ಲಾ ಆದ ಮೇಲೂ ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೊದಲ್ಲಿ "ಟರ್ರ್" ಅನ್ನುತ್ತಿತ್ತು. ಅದನ್ನು ಅಡಗಿಸಲು ಮತ್ತೊಂದಿಷ್ಟು ಬಿಡಿಭಾಗ.

1930ರ ದಶಕದಲ್ಲಿ ವೈಬ್ರೇಟರ್ ಎಂಬ ಚಿಕ್ಕ ಸಾಧನ ಬಂತು. ಅದು ಕಾರಿನ ಬ್ಯಾಟರಿಯ ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸಿ ಕೊಡುತ್ತಿತ್ತು. ಆಗ ಟ್ರಾನ್ಸ್‌ಫಾರ್ಮರ್ ಮೂಲಕ ವೋಲ್ಟೇಜ್ ಏರಿಸಬಹುದು. ಪ್ರತ್ಯೇಕ ಬ್ಯಾಟರಿ ಪೆಟ್ಟಿಗೆ ಹೋಯ್ತು. ಆದರೆ ಗಮನಿಸಿ, ಹೊರೆ ಎಲ್ಲೂ ಹೋಗಲಿಲ್ಲ. ಪೂರ್ತಿ ಕಾರಿನ ಬ್ಯಾಟರಿಯ ಮೇಲೆ ಬಂತು. ಕಾರು ನಿಲ್ಲಿಸಿ ಹಾಡು ಕೇಳ್ತಾ ಕೂತವರಿಗೆ ಅದರ ಬಿಸಿ ತಟ್ಟುತ್ತಿತ್ತು.

ಆಗಲೂ ಪರಿಹಾರ ಬರೀ ದೊಡ್ಡ ಬ್ಯಾಟರಿಯಿಂದ ಬರಲಿಲ್ಲ. ಡೈನಮೋಗಳ ಶಕ್ತಿ ಏರಿತು. ಬ್ಯಾಟರಿ ಖಾಲಿಯಾದಾಗ ಹೆಚ್ಚು, ತುಂಬಿದಾಗ ಕಡಿಮೆ ಕರೆಂಟು ಕಳಿಸುವ ವೋಲ್ಟೇಜ್ ರೆಗ್ಯುಲೇಟರ್ ಕಾರುಗಳಲ್ಲಿ ಹರಡಿತು. ಟ್ಯಾಂಕ್ ಅಲ್ಲ, ಮೋಟಾರು ಸುಧಾರಿಸಿತು.

ಭಾಗ 5/9: 6ರಿಂದ 12ಕ್ಕೆ, ಡೈನಮೋದಿಂದ ಆಲ್ಟರ್ನೇಟರ್‌ಗೆ

1950ರ ದಶಕದ ಅಮೆರಿಕನ್ ಕಾರುಗಳು ನಮ್ಮ ಇವತ್ತಿನ ಪಟ್ಟಿಯ ಹಾಗೇ ಇದ್ದವು. ಪವರ್ ವಿಂಡೊ, ಪವರ್ ಸೀಟು, ರೇಡಿಯೊ, ಹೀಟರು, ಜೊತೆಗೆ ತಿರುಗಿಸಲು ಹೆಚ್ಚು ಬಲ ಬೇಡುವ ದೊಡ್ಡ ವಿ8 ಎಂಜಿನ್. 6 ವೋಲ್ಟಿನ ವ್ಯವಸ್ಥೆ ಏದುಸಿರು ಬಿಡತೊಡಗಿತು.

ಯಾಕೆ ಅಂತ ನೋಡಿ. 60 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. 12 ವೋಲ್ಟಿನಲ್ಲಿ 5 ಸಾಕು. ಕರೆಂಟು ಅರ್ಧವಾದರೆ ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ದಶಕದ ಮಧ್ಯದಲ್ಲಿ ಅಮೆರಿಕನ್ ಕಾರುಗಳು 12 ವೋಲ್ಟಿಗೆ ಬಂದವು. ಷೆವರ್ಲೆ 1955ರ ಮಾದರಿಗಳಲ್ಲಿ, ಫೋರ್ಡ್ 1956ರಲ್ಲಿ. ಫೋಕ್ಸ್‌ವ್ಯಾಗನ್ ಬೀಟಲ್ ಮಾತ್ರ ನಿಧಾನ ಮಾಡಿ 1967ರ ಮಾದರಿಯಲ್ಲಿ ಬದಲಾಯಿತು.

ಆದರೂ ಒಂದು ಹಳೇ ರೋಗ ಉಳಿದಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೋ ಏನೂ ಕೊಡುತ್ತಿರಲಿಲ್ಲ ಅನ್ನುವಷ್ಟು ಕಡಿಮೆ ಕೊಡುತ್ತಿತ್ತು. ಡೈನಮೋದಲ್ಲಿ ಭಾರಿ ಕರೆಂಟು ತಿರುಗುವ ಭಾಗದಿಂದ ಬ್ರಷ್ಷುಗಳ ಮೂಲಕ ಹೊರಬರಬೇಕು. ಹಾಗಾಗಿ ಅದನ್ನು ತೀರಾ ವೇಗವಾಗಿ ತಿರುಗಿಸುವಂತಿಲ್ಲ.

ಆಲ್ಟರ್ನೇಟರಿನಲ್ಲಿ ಇದು ತಿರುಗಾ ಮುರುಗಾ. ಭಾರಿ ಕರೆಂಟು ನಿಂತ ಭಾಗದಿಂದಲೇ ಬರುತ್ತೆ. ತಿರುಗುವ ಭಾಗಕ್ಕೆ ಹೋಗೋದು ಸಣ್ಣ ಕರೆಂಟು ಮಾತ್ರ. ಆದ್ದರಿಂದ ವೇಗವಾಗಿ ತಿರುಗಿಸಬಹುದು, ಐಡ್ಲಿಂಗ್‌ನಲ್ಲೂ ಚಾರ್ಜ್ ಸಿಗುತ್ತೆ. ಅದು ಕೊಡುವ ಎ.ಸಿ. ಕರೆಂಟನ್ನು ಡಿ.ಸಿ. ಮಾಡಲು ಅಗ್ಗದ, ಚಿಕ್ಕ ಸಿಲಿಕಾನ್ ಡಯೋಡು ಬೇಕಿತ್ತು. ಅದು ಕೈಗೆಟುಕಿದ ಕೂಡಲೇ 1960ರ ಮಾದರಿಯ ವ್ಯಾಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಕಂಪನಿ ಆಲ್ಟರ್ನೇಟರ್ ಹಾಕಿತು. ಕೆಲವೇ ವರ್ಷಗಳಲ್ಲಿ ಉಳಿದವರೂ ಹಿಂಬಾಲಿಸಿದರು.

ರೇಡಿಯೊ ಕಾಲದಿಂದ ಇಲ್ಲಿವರೆಗೆ ಹೊರೆ ಹೆಚ್ಚಾದಾಗ ಏನೇನು ಬದಲಾಯಿತು? ರೆಗ್ಯುಲೇಟರು, ವೋಲ್ಟೇಜು, ಕೊನೆಗೆ ಡೈನಮೋನೇ. "ಬ್ಯಾಟರಿ ದೊಡ್ಡದು ಮಾಡಿದ್ರು, ಕಥೆ ಮುಗೀತು" ಅಂತ ಒಂದು ಅಧ್ಯಾಯವೂ ಇಲ್ಲ.

ಭಾಗ 6/9: ನಮ್ಮ ರಸ್ತೆಗೆ ಬಂದಾಗ

ನಮ್ಮ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರ ಕಾರಿನಿಂದ ಹುಟ್ಟಿದ್ದು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಲ್ಯೂಕಸ್ ಸಿ40 ಡೈನಮೋ ಕೊಡುತ್ತಿದ್ದದ್ದು ಗರಿಷ್ಠ 22 ಆಂಪಿಯರ್. ಅಂದರೆ 300 ವ್ಯಾಟಿನ ಆಸುಪಾಸು. ಹೆಡ್‌ಲೈಟು, ವೈಪರು, ಹಾರ್ನು, ಕಿಡಿ, ಅಷ್ಟಕ್ಕೆ ಅದು ಸಾಕು. ಬ್ಯಾಟರಿ ಡೌನ್ ಆದರೆ ಡಿಕ್ಕಿಯಲ್ಲಿ ಹ್ಯಾಂಡಲ್ ಇತ್ತು, ಇಲ್ಲವೇ ತಳ್ಳೋಕೆ ನಾಲ್ಕು ಜನ ಇದ್ದರು. ವಯಸ್ಸಾದ ಮೆಕ್ಯಾನಿಕ್‌ಗಳು ಈಗಲೂ ಆಲ್ಟರ್ನೇಟರನ್ನು "ಡೈನಮೋ" ಅಂತ ಕರೆದರೆ ನಗಬೇಡಿ, ಅವರ ಕೈ ಪಳಗಿದ್ದು ಅದರಲ್ಲಿ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸುಜುಕಿಯ ಜೊತೆ ಜಪಾನಿನ ಅಳತೆಗಳೂ ಬಂದವು. ನಿಮ್ಮ ಬ್ಯಾಟರಿ ಮೇಲಿನ ವಿಚಿತ್ರ ಬರಹ ಅದೇ ವಂಶದ್ದು. "38ಬಿ20ಎಲ್" ಅಂತ ಇದ್ದರೆ ಹೀಗೆ ಓದಿ:

38 ಅಂದರೆ ಸಾಮರ್ಥ್ಯದ ದರ್ಜೆ. ಇದು ಆಂಪಿಯರ್-ಅವರ್ ಅಲ್ಲ! ಈ ಸೈಜಿನ ಬ್ಯಾಟರಿಗೆ ನಮ್ಮಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಇರುತ್ತೆ.
ಬಿ ಅಂದರೆ ಅಗಲ ಮತ್ತು ಎತ್ತರದ ವರ್ಗ. ಸುಮಾರು 13 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ.
20 ಅಂದರೆ ಸೆಂ.ಮೀ. ಲೆಕ್ಕದಲ್ಲಿ ಉದ್ದ.
ಎಲ್ ಅಥವಾ ಆರ್ ಅಂದರೆ ಟರ್ಮಿನಲ್ ಯಾವ ಕಡೆಗಿದೆ ಅನ್ನೋದು.
ಕೊನೆಗೆ ಎಸ್ ಇದ್ದರೆ ಟರ್ಮಿನಲ್ ಗೂಟ ದಪ್ಪದ್ದು.

ಈಗ "ಒಂದು ಸೈಜ್ ದೊಡ್ಡದು" ಅಂತ ಹೇಳುವ 55ಬಿ24ಎಲ್ ನೋಡಿ. ಅಗಲ, ಎತ್ತರ ಅದೇ. ಉದ್ದ 4 ಸೆಂ.ಮೀ. ಜಾಸ್ತಿ. ಸಾಮರ್ಥ್ಯ ಸಾಮಾನ್ಯವಾಗಿ 45 ಆಂಪಿಯರ್-ಅವರ್. ಟ್ರೇನಲ್ಲಿ ಆ 4 ಸೆಂ.ಮೀ. ಇದೆಯಾ? ಕ್ಲಾಂಪ್ ಬಿಗಿಯಾಗಿ ಕೂರುತ್ತಾ? ಎಲ್ ಇದ್ದಲ್ಲಿ ಆರ್ ತಂದರೆ ಕೇಬಲ್ ಎಟುಕಲ್ಲ. ಎಟುಕಿಸಲು ಎಳೆದಾಡಿದರೆ ಅಪಾಯ ಕಾದಿರುತ್ತೆ. ಅಳತೆ ಟೇಪ್ ತಗೊಂಡು ಹೋಗಿ, ನಾಚಿಕೆ ಬೇಡ.

ಭಾಗ 7/9: ಲೆಕ್ಕ ಮಾಡೋಣ, ಟ್ರಾಫಿಕ್‌ನಲ್ಲಿ ನಿಂತು

ರಾತ್ರಿ, ಮಳೆ, ಸಿಲ್ಕ್ ಬೋರ್ಡ್ ಜಂಕ್ಷನ್. ಕಾರು ಮುಂದೆ ಹೋಗ್ತಿಲ್ಲ. ಆಲ್ಟರ್ನೇಟರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಯಾಕೆಂದರೆ ಹೊರೆ ಪೂರ್ತಿ, ಎಂಜಿನ್ ವೇಗ ಕನಿಷ್ಠ.

ಉದಾಹರಣೆಗೆ ಒಂದು ಸಣ್ಣ ಕಾರು ತಗೊಳ್ಳೋಣ. ಅಂಕಿಗಳು ಅಂದಾಜು, ನಿಮ್ಮ ಕಾರಿಗೆ ನೀವೇ ಬದಲಿಸಿಕೊಳ್ಳಿ.

ಹೆಡ್‌ಲೈಟ್ ಎರಡು: 110 ವ್ಯಾಟ್
ಹಿಂದಿನ ದೀಪ, ಮೀಟರ್ ಇತ್ಯಾದಿ: 30
ಎ.ಸಿ. ಬ್ಲೋವರ್ ಮತ್ತು ಕ್ಲಚ್: 190
ರೇಡಿಯೇಟರ್ ಫ್ಯಾನ್: 150
ಪೆಟ್ರೋಲ್ ಪಂಪ್, ಇಗ್ನಿಷನ್, ಕಂಪ್ಯೂಟರ್: 150
ಒಟ್ಟು 630 ವ್ಯಾಟ್. 13.8 ವೋಲ್ಟಿನಿಂದ ಭಾಗಿಸಿದರೆ ಸುಮಾರು 46 ಆಂಪಿಯರ್.

ಈಗ ನಿಮ್ಮ ಆಸೆಗಳು: ಎಲ್‌ಇಡಿ ಫಾಗ್ ಲೈಟ್ ಜೋಡಿ 40 ವ್ಯಾಟ್, ಹಾಡು ಜೋರಾಗಿದ್ದಾಗ ಆಂಪ್ಲಿಫೈಯರ್ ಸರಾಸರಿ 150 ವ್ಯಾಟ್. ಇನ್ನೂ 14 ಆಂಪಿಯರ್. ಒಟ್ಟು 60.

ಆಲ್ಟರ್ನೇಟರ್ ಮೇಲೆ 70 ಆಂಪಿಯರ್ ಅಂತ ಬರೆದಿದೆ ಅನ್ನೋಣ. ಸಾಕಲ್ಲ? ಆ 70 ಬರೋದು ಎಂಜಿನ್ ವೇಗವಾಗಿ ಓಡುವಾಗ. ಐಡ್ಲಿಂಗ್‌ನಲ್ಲಿ 40 ಬಂತು ಅಂದ್ಕೊಳ್ಳಿ. ಕೊರತೆ 20 ಆಂಪಿಯರ್. ಅದನ್ನು ಬ್ಯಾಟರಿ ತುಂಬಿಕೊಡಬೇಕು.

35 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿಯಾಗಲು: 52 ನಿಮಿಷ.
45 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿಯಾಗಲು: 67 ನಿಮಿಷ.

ಅಂದರೆ ಸಾವಿರಾರು ರೂಪಾಯಿ ಕೊಟ್ಟು ನೀವು ಕೊಂಡದ್ದು 15 ನಿಮಿಷ.

ವಾಸ್ತವದಲ್ಲಿ ಇನ್ನೂ ಕಡಿಮೆ. ಬ್ಯಾಟರಿ ಮೇಲಿನ ಆಂಪಿಯರ್-ಅವರ್ ಅಂಕಿ ಸಾಮಾನ್ಯವಾಗಿ 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗಿನದು. ಜೋರಾಗಿ ಎಳೆದರೆ ಅದು ಕೊಡುವ ಒಟ್ಟು ಕರೆಂಟೇ ಕಡಿಮೆಯಾಗುತ್ತೆ. ಜರ್ಮನಿಯ ಪ್ಯೂಕರ್ಟ್ ಇದನ್ನು 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾನೆ.

ಹಾಗಾದರೆ ಮೊದಲು ನೋಡಬೇಕಾದ್ದು ಆಲ್ಟರ್ನೇಟರ್. ಐಡ್ಲಿಂಗ್‌ನಲ್ಲಿ ಎಲ್ಲಾ ಆನ್ ಮಾಡಿ ಬ್ಯಾಟರಿ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಡಿ. 13.5 ವೋಲ್ಟಿಗಿಂತ ಮೇಲೆ ನಿಂತರೆ ಚಾರ್ಜ್ ಆಗ್ತಿದೆ. 12.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ತನ್ನ ಗಂಟನ್ನು ಖರ್ಚು ಮಾಡ್ತಿದೆ. ಮೊದಲು ಬೆಲ್ಟ್ ಸಡಿಲವಾ, ಅರ್ತ್ ವೈರ್ ತುಕ್ಕು ಹಿಡಿದಿದೆಯಾ ಅಂತ ನೋಡಿಸಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತೆ.

ಭಾಗ 8/9: ಎಂಜಿನ್ ಆಫ್ ಆದ ಮೇಲೆ

ಮೇಲಿನ ಮಾತೆಲ್ಲಾ ಎಂಜಿನ್ ಓಡುವಾಗಿನದು. ಎಂಜಿನ್ ನಿಂತ ಮೇಲೆ ಮೋಟಾರು ಬಂದ್, ಇರೋದು ಟ್ಯಾಂಕ್ ಮಾತ್ರ. ದೊಡ್ಡ ಬ್ಯಾಟರಿಗೆ ನಿಜವಾದ ಬೆಲೆ ಬರೋದು ಇಲ್ಲಿ.

ಜಾತ್ರೆ ಮೈದಾನದಲ್ಲಿ ಡಿಕ್ಕಿ ತೆಗೆದು ಹಾಡು ಹಾಕಿದ್ದೀರಿ. 10 ಆಂಪಿಯರ್‌ನಂತೆ 2 ಗಂಟೆ, 20 ಆಂಪಿಯರ್-ಅವರ್. 35ರ ಬ್ಯಾಟರಿ ಅರ್ಧ ದಾಟಿತು. ಆಮೇಲೆ ಸೆಲ್ಫ್ ತಗೊಳ್ಳುತ್ತೋ ಇಲ್ಲವೋ ಅದರ ವಯಸ್ಸಿನ ಮೇಲಿದೆ.

ಇನ್ನೊಬ್ಬ ಮೌನ ಕಳ್ಳ ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ 0.3 ಆಂಪಿಯರ್ ಎಳೆದರೆ, 17 ನಿಮಿಷಕ್ಕೆ ಒಂದು ಸಲ ಸೆಲ್ಫ್ ಹೊಡೆದಷ್ಟು ಕರೆಂಟು ತಿಂದ ಹಾಗೆ. ಕಾರಿನ ಅಲಾರಂ, ಕಂಪ್ಯೂಟರ್ ಸೇರಿ ಸದಾ ಎಳೆಯುವ 0.05 ಆಂಪಿಯರ್ ಬೇರೆ. ಒಟ್ಟು 0.35. ಅರ್ಧ ಬ್ಯಾಟರಿ ಖಾಲಿಯಾಗಲು 50 ಗಂಟೆ ಸಾಕು. ಶುಕ್ರವಾರ ಸಂಜೆ ನಿಲ್ಲಿಸಿ ಊರಿಗೆ ಹೋದರೆ ಸೋಮವಾರ ಬೆಳಗ್ಗೆ ಆಫೀಸಿಗೆ ಆಟೊ. ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಕಟ್-ಆಫ್ ಇರೋ ಕ್ಯಾಮೆರಾ ಕಿಟ್ ತಗೊಳ್ಳಿ. 12.2 ವೋಲ್ಟ್ ಅಂದರೆ ಸುಮಾರು ಅರ್ಧ ಖಾಲಿ ಅನ್ನೋ ಲೆಕ್ಕ ನೆನಪಿರಲಿ.

ಇಲ್ಲಿ ಓಟಗಾರನ ಮಾತಿಗೆ ವಾಪಸ್ ಬರೋಣ. ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ತುಂಬಾ ಇರುತ್ತವೆ. ರಭಸ ಬರೋದು ಅದರಿಂದ. ಆಳವಾಗಿ ಖಾಲಿ ಮಾಡಿ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತೆ. ಮತ್ತೆ ಪೂರ್ತಿ ಚಾರ್ಜ್ ಆಗಲ್ಲ. ಡೀಪ್ ಸೈಕಲ್ ಬ್ಯಾಟರಿಯ ಪ್ಲೇಟು ದಪ್ಪ. ಮನೆಯ ಇನ್ವರ್ಟರಿನ ಟ್ಯುಬುಲರ್ ಬ್ಯಾಟರಿ ಗಂಟೆಗಟ್ಟಲೆ ಫ್ಯಾನ್ ಓಡಿಸೋದು ಈ ಗುಣದಿಂದ. ಹಾಗಂತ ಅದನ್ನು ಕಾರಿಗೆ ಹಾಕೋ ಐಡಿಯಾ ಬೇಡ, ಸೆಲ್ಫಿಗೆ ಬೇಕಾದ ರಭಸ ಅದರ ಸ್ವಭಾವದಲ್ಲಿಲ್ಲ. ಕಾರು ನಿಲ್ಲಿಸಿ ಗಂಟೆಗಟ್ಟಲೆ ಸೌಂಡ್ ಹಾಕೋದೇ ನಿಮ್ಮ ಉದ್ದೇಶವಾದರೆ ಸರಿಯಾದ ದಾರಿ ಎರಡನೇ ಬ್ಯಾಟರಿ, ನಡುವೆ ಐಸೊಲೇಟರ್. ಹಾಡಿನ ಬ್ಯಾಟರಿ ಸತ್ತರೂ ಸೆಲ್ಫಿನ ಬ್ಯಾಟರಿ ಉಳಿಯುತ್ತೆ.

ಇನ್ನೊಂದು ಮಾತು. ಸಿ.ಸಿ.ಎ. ಅನ್ನೋ ಅಂಕಿ ನೋಡಿ ಮರುಳಾಗಬೇಡಿ. ಅದು ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡ್ ಎಷ್ಟು ಕರೆಂಟ್ ಕೊಡುತ್ತೆ ಅನ್ನೋ ಅಳತೆ. ರಾಯಚೂರು, ಕಲಬುರಗಿಯಲ್ಲಿ ಬ್ಯಾಟರಿಯನ್ನು ಕೊಲ್ಲೋದು ಬಿಸಿಲು. ಹೆಚ್ಚುವರಿ ಹೊರೆಗೆ ನೋಡಬೇಕಾದ್ದು ಆಂಪಿಯರ್-ಅವರ್ ಅಥವಾ ರಿಸರ್ವ್ ಕೆಪಾಸಿಟಿ: 25 ಆಂಪಿಯರ್ ಎಳೆದರೆ ಎಷ್ಟು ನಿಮಿಷ ತಾಳುತ್ತೆ ಅನ್ನೋ ಅಂಕಿ.

ಭಾಗ 9/9: ಹಾಗಾದ್ರೆ ಯಾವುದನ್ನು ಆರಿಸೋದು?

ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ಅಂಗಡಿಗೆ ಹೋಗುವಾಗ ತೆಗೆದು ನೋಡಿ.

1. ಹೊರೆಯನ್ನು ಎರಡು ಪಟ್ಟಿ ಮಾಡಿ: ಎಂಜಿನ್ ಓಡುವಾಗ ಬಳಸೋದು, ಆಫ್ ಆದಾಗ ಬಳಸೋದು. ಮೊದಲ ಪಟ್ಟಿಗೆ ಉತ್ತರ ಆಲ್ಟರ್ನೇಟರ್. ಎರಡನೇ ಪಟ್ಟಿಗೆ ಉತ್ತರ ಬ್ಯಾಟರಿ.

2. ಆಲ್ಟರ್ನೇಟರ್ ಸಾಲದಿದ್ದರೆ ಹೊರೆ ಇಳಿಸಿ. 90/100 ವ್ಯಾಟಿನ ಹ್ಯಾಲೊಜೆನ್ ಬಲ್ಬು, ಅತಿದೊಡ್ಡ ಆಂಪು ಇವನ್ನು ಬಿಟ್ಟರೆ ಎಷ್ಟೋ ಕಾರುಗಳಿಗೆ ಕಂಪನಿ ಬ್ಯಾಟರಿಯೇ ಸಾಕು.

3. ದೊಡ್ಡ ಬ್ಯಾಟರಿ ಬೇಕೇ ಬೇಕು ಅನಿಸಿದರೆ: ಟ್ರೇ ಉದ್ದ, ಬಾನೆಟ್ ಮುಚ್ಚಿದಾಗಿನ ಎತ್ತರ, ಟರ್ಮಿನಲ್ ಕಡೆ, ಗೂಟದ ದಪ್ಪ, ಕ್ಲಾಂಪ್. ಆಮೇಲೆ ತಯಾರಾದ ತಿಂಗಳು ನೋಡಿ. ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂತ ಬ್ಯಾಟರಿ ಬೇಡ.

4. "ದೊಡ್ಡ ಬ್ಯಾಟರಿ ಹಾಕಿದ್ರೆ ವೈರಿಂಗ್ ಸುಟ್ಟುಹೋಗುತ್ತೆ" ಅನ್ನೋದು ಸುಳ್ಳು. ಎಷ್ಟು ಕರೆಂಟ್ ಹರಿಯಬೇಕು ಅಂತ ತೀರ್ಮಾನಿಸೋದು ಹೊರೆ. ಸುಡೋದು ಫ್ಯೂಸ್ ಇಲ್ಲದ ವೈರು. ಆಂಪಿನ ಪವರ್ ವೈರಿಗೆ ಬ್ಯಾಟರಿಯಿಂದ ಎರಡು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫಾಗ್ ಲೈಟಿಗೆ ರಿಲೇ ಬೇಕು. ಕಂಪನಿ ವೈರನ್ನು ಬ್ಲೇಡಿನಿಂದ ಸುಲಿದು ಟೇಪ್ ಸುತ್ತೋ ಕೆಲಸಕ್ಕೆ ಒಪ್ಪಬೇಡಿ. ಕಾರಿಗೆ ಬೆಂಕಿ ಬೀಳೋ ದಾರಿ ಅದು. ವಾರಂಟಿಯ ಮಾತು ಆಮೇಲಿನದು.

5. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರಾದರೆ ಅದರಲ್ಲಿ ಇ.ಎಫ್.ಬಿ. ಅಥವಾ ಎ.ಜಿ.ಎಂ. ಬ್ಯಾಟರಿ ಇರುತ್ತೆ. ಪದೇ ಪದೇ ಸ್ಟಾರ್ಟ್ ಮಾಡೋಕೆ ತಯಾರಾದದ್ದು ಅದು. ಅದೇ ಜಾತಿಯದ್ದನ್ನೇ ಹಾಕಿಸಿ. ಬೆಲೆ ನೋಡಿ ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಬೇಗ ಸಾಯುತ್ತೆ. ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇದ್ದರೆ ಹೊಸ ಸಾಧನದ ಅರ್ತ್ ಅನ್ನು ಬಾಡಿಗೆ ಕೊಡಿಸಿ. ನೇರ ಟರ್ಮಿನಲ್ಲಿಗೆ ಕೊಟ್ಟರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೇ ಸಿಗಲ್ಲ.

ಕಥೆ ಇಲ್ಲಿಗೆ ನಿಂತಿಲ್ಲ. 12 ವೋಲ್ಟೂ ಸಾಲದು ಅನಿಸಿ 1990ರ ದಶಕದಲ್ಲಿ ಕಂಪನಿಗಳು 42 ವೋಲ್ಟಿನ ಕನಸು ಕಂಡವು. 2001ರಲ್ಲಿ ಟೊಯೊಟಾ ಒಂದು ಕ್ರೌನ್ ಮಾದರಿಯನ್ನು ಹಾಗೆ ತಂದದ್ದೂ ಆಯಿತು. ಖರ್ಚು ಹೆಚ್ಚಿ ಆ ಯೋಜನೆ ತಣ್ಣಗಾಯಿತು. ಈಗ 48 ವೋಲ್ಟಿನ ಹೆಸರಲ್ಲಿ ಮತ್ತೆ ಬಂದಿದೆ. 2023ರಲ್ಲಿ ಬಂದ ಟೆಸ್ಲಾ ಸೈಬರ್‌ಟ್ರಕ್‌ನ ಸಣ್ಣಪುಟ್ಟ ಉಪಕರಣಗಳಿಗೂ 48 ವೋಲ್ಟಿನದೇ ಜಾಲ. 1955ರಲ್ಲಿ 6 ಬಿಟ್ಟು 12 ಹಿಡಿದದ್ದಕ್ಕೆ ಕೊಟ್ಟ ಕಾರಣವನ್ನೇ ಇದಕ್ಕೂ ಕೊಡುತ್ತಾರೆ.

ನಿಮ್ಮ ಕೈಲಿ ಆಗೋದು ಒಂದಿದೆ, ಇವತ್ತೇ. ಒಂದು ಸಾಧಾರಣ ಮಲ್ಟಿಮೀಟರ್ ಎರವಲು ತನ್ನಿ. ಕಾರು ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಒಂದು ಸಲ, ಎಂಜಿನ್ ಓಡುವಾಗ ಎಲ್ಲಾ ಆನ್ ಮಾಡಿ ಇನ್ನೊಂದು ಸಲ ವೋಲ್ಟ್ ನೋಡಿ. ಎರಡೂ ಅಂಕಿಗಳನ್ನು ಕಾಮೆಂಟಿನಲ್ಲಿ ಹಾಕಿ, ಕಾರಿನ ಹೆಸರಿನ ಜೊತೆ. ಬ್ಯಾಟರಿ ಬದಲಿಸಬೇಕಾ, ಬೆಲ್ಟ್ ಬಿಗಿ ಮಾಡಿಸಿದರೆ ಸಾಕಾ ಅಂತ ಒಟ್ಟಿಗೇ ನೋಡೋಣ.

#ಬ್ಯಾಟರಿಕಥೆ #ಕಾರಿನಇತಿಹಾಸ #ಸೆಲ್ಫ್‌ಕಥೆ #ಕನ್ನಡದಲ್ಲಿತಂತ್ರಜ್ಞಾನ